ಇಲಿಗೆ ಗುಣವಾದ ಪಾರ್ಕಿನ್ಸನ್ ಅಪ್ಪನಿಗೆ ಯಾಕೆ ಗುಣವಾಗುತ್ತಿಲ್ಲ?

ನಿದ್ದೆಗೇಡಿ:
ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ ಆಯಿತು. ಈಗ ವಯಸ್ಸು 71. ಬೆಳಗಿನ ಮಾತ್ರೆ ಕೆಲಸ ಶುರು ಮಾಡುವ ತನಕ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ನಾನು ಹಾಕಲು ಹೋದರೆ ಸಿಟ್ಟು. ಹೊಸ್ತಿಲ ಹತ್ತಿರ ಬಂದರೆ ಕಾಲಿಗೆ ಗೋಂದು ಹಚ್ಚಿದ ಹಾಗೆ ನಿಂತುಬಿಡುತ್ತಾರೆ.

ವಿಷಯ ಅದಲ್ಲ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ತಿಂಗಳಿಗೊಂದಾದರೂ ಸುದ್ದಿ ಬರುತ್ತದೆ. "ಪಾರ್ಕಿನ್ಸನ್‌ಗೆ ಕೊನೆಗೂ ಮದ್ದು!" ಚಿಕ್ಕಪ್ಪ ಕಳಿಸುತ್ತಾರೆ, ಅಪ್ಪ ಓದುತ್ತಾರೆ, ಮುಖ ಅರಳುತ್ತದೆ. ನಾನು ಪೂರ್ತಿ ಓದಿದರೆ ನಾಲ್ಕನೇ ಪ್ಯಾರಾದಲ್ಲಿ ಸಣ್ಣಗೆ "ಇಲಿಗಳಲ್ಲಿ" ಅಂತ ಇರುತ್ತದೆ. ಅದನ್ನು ಅಪ್ಪನಿಗೆ ಹೇಳುವ ಕೆಲಸ ಪ್ರತಿ ಸಲ ನನ್ನದೇ.

ಗೊತ್ತಿರುವವರು ಹೇಳಿ. ಇಲಿಗೆ ನಿಜವಾಗಿಯೂ ಪಾರ್ಕಿನ್ಸನ್ ಬರುತ್ತದಾ? ಇಷ್ಟೊಂದು ಇಲಿಗಳು ಗುಣವಾದ ಮೇಲೂ ಮನುಷ್ಯರ ಸರದಿ ಯಾಕೆ ಬಂದಿಲ್ಲ?

ಚುಟುಕು:
ಇಲಿಯಾಗಿ ಹುಟ್ಟಬೇಕಿತ್ತು ಕಣ್ರೀ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಬೊಜ್ಜು, ಬೋಳುತಲೆ, ಅವಕ್ಕೆ ಎಲ್ಲದಕ್ಕೂ ಮದ್ದಿದೆ.

ಬಿಳಿಕೋಟು:
ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಇದೇ ಕೆಲಸ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಇಲಿಗೆ ಪಾರ್ಕಿನ್ಸನ್ ತಾನಾಗಿ ಬರುವುದಿಲ್ಲ. ನಾವು ತರಿಸುತ್ತೇವೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುವ ಕಪ್ಪು ಪಟ್ಟಿಯಲ್ಲಿ ಡೋಪಮೈನ್ (ಕೈಕಾಲು ಆಡಲು ಮಿದುಳಿಗೆ ಬೇಕಾದ ರಾಸಾಯನಿಕ) ಮಾಡುವ ನರಕೋಶಗಳು ನಿಧಾನವಾಗಿ ಸಾಯುತ್ತವೆ. ಇಲಿಯಲ್ಲಿ ಅದೇ ಜಾತಿಯ ಕೋಶಗಳನ್ನು ವಿಷ ಹಾಕಿ ಕೊಲ್ಲುತ್ತೇವೆ. ನಾನು ಬಳಸುತ್ತಿದ್ದದ್ದು 6-ಹೈಡ್ರಾಕ್ಸಿಡೋಪಮೈನ್. ನೋಡಲು ಡೋಪಮೈನ್ ತರಹವೇ ಇರುವುದರಿಂದ ಆ ಕೋಶಗಳು ಬಾಗಿಲು ತೆರೆದು ಒಳಗೆ ಬಿಟ್ಟುಕೊಳ್ಳುತ್ತವೆ, ಸಾಯುತ್ತವೆ. ರಕ್ತಕ್ಕೆ ಕೊಟ್ಟರೆ ಅದು ಮಿದುಳಿಗೆ ಹೋಗುವುದಿಲ್ಲ. ಹಾಗಾಗಿ ಇಲಿಗೆ ಅರಿವಳಿಕೆ ಕೊಟ್ಟು, ತಲೆಯನ್ನು ಚೌಕಟ್ಟಿನಲ್ಲಿ ಅಲುಗದಂತೆ ಹಿಡಿಸಿ, ಬುರುಡೆಗೆ ಸಣ್ಣ ತೂತು ಕೊರೆದು, ಸೂಜಿಯಲ್ಲಿ ನೇರವಾಗಿ ಹಾಕಬೇಕು. ಅದೂ ಒಂದೇ ಬದಿಗೆ. ಎರಡೂ ಬದಿಗೆ ಹಾಕಿದರೆ ಪಾಪ, ತಿನ್ನುವುದನ್ನೂ ಕುಡಿಯುವುದನ್ನೂ ಬಿಟ್ಟುಬಿಡುತ್ತದೆ.

ಒಂದೇ ಬದಿ ಹಾಕಿದರೆ ಇನ್ನೊಂದು ಲಾಭ. ಮೂರು ವಾರ ಬಿಟ್ಟು ಆ ಇಲಿಗೆ ಡೋಪಮೈನ್ ತರಹ ಕೆಲಸ ಮಾಡುವ ಅಪೊಮಾರ್ಫಿನ್ ಚುಚ್ಚಿ, ಎದೆಗೆ ಪಟ್ಟಿ ಕಟ್ಟಿ, ಅರ್ಧಗೋಳದ ಬಟ್ಟಲಿನಲ್ಲಿ ಬಿಡುತ್ತೇವೆ. ಪಟ್ಟಿಯಿಂದ ಒಂದು ತಂತಿ ಮೇಲಿನ ಮೀಟರಿಗೆ ಹೋಗಿರುತ್ತದೆ. ಐದು ನಿಮಿಷದಲ್ಲಿ ಇಲಿ ಸುತ್ತಲು ಶುರು. ಎಡ ಬದಿ ಹಾಳಾಗಿದ್ದರೆ ಬಲಕ್ಕೆ ಸುತ್ತುತ್ತದೆ. ಉಳಿದ ಡೋಪಮೈನ್ ಹೊರಬಿಡಿಸುವ ಆಂಫೆಟಮಿನ್ ಕೊಟ್ಟರೆ ಉಲ್ಟಾ, ಎಡಕ್ಕೆ. ನಿಮಿಷಕ್ಕೆ ಆರೇಳು ಸುತ್ತು ಬಂದರೆ ಕೋಶಗಳು ಚೆನ್ನಾಗಿಯೇ ಸತ್ತಿವೆ ಅಂತ ಲೆಕ್ಕ. ಸ್ವೀಡನ್‌ನ ಉರ್ಬನ್ ಉಂಗರ್‌ಸ್ಟೆಟ್ 1968ರಲ್ಲಿ ಈ ವಿಷ ಹಾಕುವುದನ್ನು, 1970ರಲ್ಲಿ ಸುತ್ತು ಎಣಿಸುವುದನ್ನು ತೋರಿಸಿಕೊಟ್ಟ ವಿಧಾನ, ಇವತ್ತಿಗೂ ನಡೆಯುತ್ತಿದೆ.

ಸುದ್ದಿಯಲ್ಲಿ "ಇಲಿ ಗುಣವಾಯಿತು" ಅಂತ ಬಂದರೆ ಎಷ್ಟೋ ಸಲ ಅದರ ಅರ್ಥ ಇಷ್ಟೇ: ಸುತ್ತು ಕಡಿಮೆ ಆಯಿತು.

ಪ್ರಶ್ನೆಚಿಹ್ನೆ:
ಅಂದರೆ ಮನುಷ್ಯನಲ್ಲಿ ಇಪ್ಪತ್ತು ವರ್ಷ ತೆಗೆದುಕೊಳ್ಳುವ ಕಾಯಿಲೆಯನ್ನು ಒಂದು ಮಧ್ಯಾಹ್ನದಲ್ಲಿ ವಿಷ ಹಾಕಿ ಮಾಡಿ, ಅದಕ್ಕೂ ಪಾರ್ಕಿನ್ಸನ್ ಅಂತಲೇ ಹೆಸರಿಡುತ್ತೀರಿ. ಗೋಡೆ ಬಿರುಕು ಬಿಡುವುದು ಹೇಗೆ ಅಂತ ತಿಳಿಯಲು ಗೋಡೆಗೆ ಲಾರಿ ಗುದ್ದಿಸಿದ ಹಾಗಾಯಿತು.

ಬಿಳಿಕೋಟು:
@ಪ್ರಶ್ನೆಚಿಹ್ನೆ ಲಾರಿ ಉದಾಹರಣೆ ಸರಿಯಾಗಿದೆ, ಒಪ್ಪಿದೆ. ಗೋಡೆ ಯಾಕೆ ಬಿರುಕು ಬಿಟ್ಟಿತು ಅನ್ನುವುದಕ್ಕೆ ಆ ಇಲಿ ಉತ್ತರ ಕೊಡುವುದಿಲ್ಲ. ಆದರೆ ಬಿದ್ದ ಗೋಡೆಯ ಮನೆಯಲ್ಲಿ ಇರುವುದು ಹೇಗೆ ಅನ್ನುವುದಕ್ಕೆ ಕೊಡುತ್ತದೆ. ಡೋಪಮೈನ್ ಇಲ್ಲದ ಮಿದುಳಿಗೆ ಯಾವ ಮಾತ್ರೆ ಕೊಟ್ಟರೆ ಕೈಕಾಲು ಆಡುತ್ತವೆ ಅಂತ ನೋಡಲು ಇದು ಸಾಕು. ಎರಡನ್ನೂ ಒಂದೇ ಅಂದುಕೊಂಡಾಗ ತಕರಾರು ಶುರು.

ಹಳೇಪುಟ:
ಇಲಿ ಬಿಡಿ, ಮೊದಲು ಮೊಲಕ್ಕೆ ನಮಸ್ಕಾರ ಹೇಳಿ. ನಿದ್ದೆಗೇಡಿಯವರ ಅಪ್ಪ ಬೆಳಿಗ್ಗೆ ತೆಗೆದುಕೊಳ್ಳುವ ಮಾತ್ರೆ ಬಹುಶಃ ಲೆವೊಡೋಪಾ ಇರಬೇಕು, ಅಂದರೆ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ. ಅದರ ಕತೆ ಮೊಲದಿಂದಲೇ ಶುರು.

ಸರ್ಪಗಂಧದ ಬೇರಿನಿಂದ ರೆಸರ್ಪಿನ್ ಅಂತ ಒಂದು ಮದ್ದು ತೆಗೆದಿದ್ದರು. ರಕ್ತದ ಒತ್ತಡಕ್ಕೆ ಕೊಡುತ್ತಿದ್ದರು. ಅದನ್ನು ಮೊಲಕ್ಕೆ ಕೊಟ್ಟರೆ ಕಿವಿ ಜೋತುಬಿದ್ದು, ಕಣ್ಣು ಅರ್ಧ ಮುಚ್ಚಿ, ಕೂತಲ್ಲೇ ಕಲ್ಲಾಗುತ್ತದೆ. ಸ್ವೀಡನ್‌ನ ಅರ್ವಿಡ್ ಕಾರ್ಲ್‌ಸನ್ ತಂಡ 1957ರಲ್ಲಿ ಅಂಥ ಮೊಲಗಳಿಗೆ ಡೋಪಾ ಚುಚ್ಚಿತು. ಸ್ವಲ್ಪ ಹೊತ್ತಿಗೆ ಕಿವಿ ನೆಟ್ಟಗಾಯಿತು, ಮೊಲ ಓಡಾಡಿತು. ಡೋಪಮೈನ್ ಅಂದರೆ ಬೇರೆ ಯಾವುದೋ ವಸ್ತು ತಯಾರಾಗುವ ನಡುವಿನ ಹಂತ ಅಷ್ಟೇ ಅಂತ ಅಲ್ಲಿಯವರೆಗೂ ಜನ ಅಂದುಕೊಂಡಿದ್ದರು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು. ಮೊಲಕ್ಕೆ ಏನೂ ಬರಲಿಲ್ಲ.

ಪ್ರಶ್ನೆಚಿಹ್ನೆ:
@ಹಳೇಪುಟ ಅರ್ಧ ಕತೆ ಹೇಳಿ ಬಿಟ್ಟಿರಿ. ಪಾರ್ಕಿನ್ಸನ್ ಇದ್ದವರಲ್ಲಿ ಡೋಪಮೈನ್ ಕಡಿಮೆ ಅಂತ 1960ರಲ್ಲಿ ತೋರಿಸಿದ್ದು ವಿಯೆನ್ನಾದ ಹೊರ್ನಿಕೀವಿಚ್. ತೀರಿಕೊಂಡ ರೋಗಿಗಳ ಮಿದುಳು ನೋಡಿ ತೋರಿಸಿದರು, ಮೊಲ ನೋಡಿ ಅಲ್ಲ. ಮರುವರ್ಷವೇ ಬಿರ್ಕ್‌ಮಾಯರ್ ಜೊತೆ ಸೇರಿ ರೋಗಿಗಳಿಗೆ ಲೆವೊಡೋಪಾ ಚುಚ್ಚಿ ನೋಡಿದರು. 1967ರಲ್ಲಿ ಕೋಟ್ಜಿಯಾಸ್ ಡೋಪಾವನ್ನು ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡುತ್ತಾ ಬಾಯಿಯಿಂದ ಕೊಟ್ಟರೆ ಆಗುತ್ತದೆ ಅಂತ ತೋರಿಸಿದರು. ಎಲ್ಲ ಮನುಷ್ಯರ ಮೇಲೆ.

ಹಳೇಪುಟ:
ಮೊಲದ ಕಿವಿ ನೆಟ್ಟಗಾಗದಿದ್ದರೆ ಹೊರ್ನಿಕೀವಿಚ್ ಡೋಪಮೈನ್ ಹುಡುಕಲು ಹೋಗುತ್ತಲೇ ಇರಲಿಲ್ಲ ಸ್ವಾಮಿ. ಅಷ್ಟಕ್ಕೂ ಮನುಷ್ಯನ ಮೇಲೆ ಮೊದಲ ಪ್ರಯೋಗ ಅದಕ್ಕೂ ಹಳೆಯದು. 1913ರಲ್ಲಿ ಗುಗೆನ್‌ಹೈಮ್ ಅನ್ನುವ ರಸಾಯನ ತಜ್ಞ ಒಂದು ಜಾತಿಯ ಅವರೆಯಿಂದ ಲೆವೊಡೋಪಾ ಬೇರ್ಪಡಿಸಿದರು. ಮೊಲಕ್ಕೆ ಕೊಟ್ಟರೆ ಏನೂ ಆಗಲಿಲ್ಲ. ತಾನೇ ಎರಡೂವರೆ ಗ್ರಾಂ ನುಂಗಿದರು. ಭಯಂಕರ ವಾಂತಿ. ಇದರಿಂದ ಏನೂ ಉಪಯೋಗವಿಲ್ಲ ಅಂತ ಎತ್ತಿಟ್ಟರು.

ಚುಟುಕು:
ನೊಬೆಲ್ ವಾಂತಿ ಮಾಡಿಕೊಂಡ ಏಕೈಕ ವಿಜ್ಞಾನಿ.

ನಾಲ್ಕನೇಬೆಂಚು:
ಎಂಪಿಟಿಪಿ ಅನ್ನುವ ರಾಸಾಯನಿಕದ ಕತೆ ಯಾರೂ ಹೇಳಿಲ್ಲವಲ್ಲ! ಇದು ಪತ್ತೇದಾರಿ ಕತೆಗಿಂತ ಚೆನ್ನಾಗಿದೆ, ಕೂತು ಓದಿ.

1976. ಅಮೆರಿಕದಲ್ಲಿ 23 ವರ್ಷದ ಒಬ್ಬ ರಸಾಯನಶಾಸ್ತ್ರ ವಿದ್ಯಾರ್ಥಿ ನಶೆಗೆ ಅಂತ ತಾನೇ ಒಂದು ಮದ್ದು ತಯಾರಿಸಿ ಚುಚ್ಚಿಕೊಳ್ಳುತ್ತಿದ್ದ. ಒಂದು ಸಲ ಅವಸರ ಮಾಡಿ ತಯಾರಿ ಕೆಟ್ಟಿತು. ಕೆಲವೇ ದಿನದಲ್ಲಿ ಮೈ ಸೆಟೆದು, ಮಾತು ನಿಂತು, ಮುದುಕನಿಗೆ ಬರುವ ಪಾರ್ಕಿನ್ಸನ್ ತರಹವೇ ಆಯಿತು. ಲೆವೊಡೋಪಾ ಕೊಟ್ಟರೆ ಸುಧಾರಿಸಿದ. ಅವನು ತಯಾರಿಸಿದ್ದನ್ನೇ ಮತ್ತೆ ತಯಾರಿಸಿ ಇಲಿಗೆ ಕೊಟ್ಟು ನೋಡಿದರು. ಇಲಿ ಸ್ವಲ್ಪ ಹೊತ್ತು ಮಂಕಾಯಿತು, ಮರುದಿನ ಆರಾಮಾಗಿ ಓಡಾಡಿತು. ವಿಷಯ ಅಲ್ಲಿಗೇ ಮುಚ್ಚಿಹೋಯಿತು.

1982. ಕ್ಯಾಲಿಫೋರ್ನಿಯಾದಲ್ಲಿ ಅದೇ ತರಹ ಒಬ್ಬ ಬಂದ, 42 ವರ್ಷ. ಎಚ್ಚರ ಇದೆ, ಕಣ್ಣು ನೋಡುತ್ತದೆ, ಮೈ ಮಾತ್ರ ಗೊಂಬೆ. ಆಮೇಲೆ ಇನ್ನೂ ಕೆಲವರು ಬಂದರು. ಎಲ್ಲರೂ ಬೀದಿಯಲ್ಲಿ ಸಿಗುವ ನಕಲಿ ಹೆರಾಯಿನ್ ಚುಚ್ಚಿಕೊಂಡವರು. ವಿಲಿಯಂ ಲ್ಯಾಂಗ್‌ಸ್ಟನ್ ಅನ್ನುವ ನರವೈದ್ಯರು ಬೆನ್ನು ಹತ್ತಿ, ಅದರಲ್ಲಿ ಬೆರೆತಿದ್ದ ಎಂಪಿಟಿಪಿಯೇ ಕಾರಣ ಅಂತ 1983ರಲ್ಲಿ ಬರೆದರು. ಮಂಗಕ್ಕೆ ಕೊಟ್ಟರೆ ಮನುಷ್ಯನ ಹಾಗೇ ಆಯಿತು.

ಇಲಿ ಬದಲು ಮೊದಲೇ ಮಂಗ ನೋಡಿದ್ದರೆ ಆರು ವರ್ಷ ಮೊದಲೇ ಗೊತ್ತಾಗುತ್ತಿತ್ತು. ತಪ್ಪು ಪ್ರಾಣಿಯನ್ನು ಕೇಳಿದರೆ ತಪ್ಪು ಉತ್ತರ.

ಸುಮ್ನೆಬಂದೆ:
ಒಂದು ನಿಮಿಷ. ಇಲಿಗೆ ಆಗಲ್ಲ ಅಂತೀರಿ, ಆದರೆ ನಾನು ಓದಿದ ಎಲ್ಲ ಸುದ್ದಿಯಲ್ಲೂ ಎಂಪಿಟಿಪಿ ಕೊಟ್ಟ ಇಲಿ ಅಂತಲೇ ಇದೆ?

ಬಿಳಿಕೋಟು:
ಇದು ಕನ್ನಡದ ಕಷ್ಟ. ರ‍್ಯಾಟ್, ಮೌಸ್ ಎರಡಕ್ಕೂ ಪತ್ರಿಕೆಯವರು ಇಲಿ ಅಂತ ಬರೆಯುತ್ತಾರೆ. ಎಂಪಿಟಿಪಿಯನ್ನು ದೊಡ್ಡ ಇಲಿ ತಡೆದುಕೊಳ್ಳುತ್ತದೆ. ಸುಂಡಿಲಿಯ (ಮೌಸ್) ಒಂದು ಕಪ್ಪು ತಳಿ ತಡೆದುಕೊಳ್ಳುವುದಿಲ್ಲ. ಆದರೆ ಆ ಸುಂಡಿಲಿಗೂ ಕೈ ನಡುಕ ಬರುವುದಿಲ್ಲ, ಕೆಲವು ದಿನದಲ್ಲಿ ಓಡಾಟ ಸುಧಾರಿಸಿಬಿಡುತ್ತದೆ. ಮಂಗಕ್ಕೆ ಮಾತ್ರ ನಿಮ್ಮ ನಮ್ಮ ಹಾಗೆ ಗೂನು ಬೆನ್ನು, ನಿಧಾನ ನಡಿಗೆ, ಕೆಲವು ಜಾತಿಯಲ್ಲಿ ನಡುಕ, ಲೆವೊಡೋಪಾ ಜಾಸ್ತಿಯಾದರೆ ಮೈ ಬಳುಕುವ ಡಿಸ್ಕಿನೇಶಿಯಾ, ಎಲ್ಲಾ ಬರುತ್ತದೆ.

ಎಂಪಿಟಿಪಿ ತಾನೇ ವಿಷವಲ್ಲ ಅನ್ನುವುದು ತಮಾಷೆಯ ವಿಷಯ. ಅದು ಮಿದುಳಿಗೆ ಸಲೀಸಾಗಿ ನುಗ್ಗುತ್ತದೆ. ಅಲ್ಲಿ ಎಂಎಓ-ಬಿ ಅನ್ನುವ ಕಿಣ್ವ ಅದನ್ನು ವಿಷ ಮಾಡುತ್ತದೆ. ಆ ವಿಷ ಡೋಪಮೈನ್ ಕೋಶದೊಳಗೆ ಹೋಗಿ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಉಸಿರು ಕಟ್ಟಿಸುತ್ತದೆ. ಪಾರ್ಕಿನ್ಸನ್‌ಗೂ ಮೈಟೊಕಾಂಡ್ರಿಯಕ್ಕೂ ನಂಟಿದೆ ಅಂತ ಜನ ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದೇ ಇದರಿಂದ.

ಮೂಕಪ್ರಾಣಿ:
ಎಲ್ಲರೂ ಕತೆ ಹೇಳುವ ಹಾಗೆ ಹೇಳುತ್ತಿದ್ದೀರಿ. ಬುದ್ಧಿ ಇರುವ, ಮರಿ ಸಾಕುವ, ಜೊತೆಗಾರರನ್ನು ಗುರುತಿಸುವ ಪ್ರಾಣಿಗೆ ಬೇಕಂತಲೇ ಮೈ ಸೆಟೆಯುವ ವಿಷ ಚುಚ್ಚುತ್ತಾರೆ. ಅದಕ್ಕೆ ಆಮೇಲೆ ತಾನಾಗಿ ತಿನ್ನಲೂ ಆಗುವುದಿಲ್ಲ, ಯಾರೋ ತಿನ್ನಿಸಬೇಕು. ನಿಮ್ಮ ಅಪ್ಪನ ಕಷ್ಟ ನಿಮಗೆ ಗೊತ್ತಿದೆಯಲ್ಲ ನಿದ್ದೆಗೇಡಿಯವರೇ? ಅದೇ ಕಷ್ಟವನ್ನು ಇನ್ನೊಂದು ಜೀವಕ್ಕೆ ಕೈಯಾರೆ ಕೊಡುವುದು ಇದು. ಬೇಸರ ಮಾಡಿಕೊಳ್ಳಬೇಡಿ, ಅನ್ನಿಸಿದ್ದು ಹೇಳಿದೆ.

ನಿದ್ದೆಗೇಡಿ:
ಬೇಸರ ಇಲ್ಲ. ಉತ್ತರವೂ ಇಲ್ಲ ನನ್ನ ಹತ್ತಿರ.

ನಿಧಾನಿ:
ಉತ್ತರ ನಾನು ಕೊಡಬಹುದೇನೋ. ನನಗೆ 58, ಪಾರ್ಕಿನ್ಸನ್ ಬಂದು ಹದಿಮೂರು ವರ್ಷ. ತಲೆಯೊಳಗೆ ಎರಡು ತಂತಿ ಇವೆ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಡಬ್ಬಿ. ಮಿದುಳಿನೊಳಗೆ ಕರೆಂಟ್ ಕೊಡುವ ಈ ಚಿಕಿತ್ಸೆಗೆ ಡಿಬಿಎಸ್ ಅನ್ನುತ್ತಾರೆ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ಕ್ಷಮಿಸಿ.

ಆಪರೇಷನ್ ಆದ ಮೇಲೆ ಒಂದು ಸಲ ಡಾಕ್ಟರು ಪರೀಕ್ಷೆಗೆ ಅಂತ ರಿಮೋಟ್‌ನಲ್ಲಿ ಅದನ್ನು ಆಫ್ ಮಾಡಿದರು. ಮೇಜಿನ ಮೇಲೆ ಅರ್ಧ ಲೋಟ ನೀರಿತ್ತು. ನಾನು ಹಿಡಿದಿದ್ದೆ. ಮೊದಲು ನೀರಿನ ಮೇಲೆ ಸಣ್ಣ ಅಲೆ ಎದ್ದಿತು. ಕೈ ನಡುಗುತ್ತಿದೆ ಅಂತ ನನಗೆ ಗೊತ್ತಾಗುವ ಮೊದಲು ನೀರಿಗೆ ಗೊತ್ತಾಯಿತು. ಆಮೇಲೆ ಲೋಟ ಮೇಜಿಗೆ ಬಡಿಯಲು ಶುರು. ಆನ್ ಮಾಡಿದರು, ನೀರು ನಿಂತಿತು.

ಆ ತಂತಿಯ ತುದಿ ಇರುವ ಜಾಗದ ಹೆಸರು ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಅಲ್ಲಿ ಕೆಲಸ ಮಾಡಿದರೆ ಪಾರ್ಕಿನ್ಸನ್ ಇಳಿಯುತ್ತದೆ ಅಂತ ತೋರಿಸಿದ್ದು ಬರ್ಗ್‌ಮನ್, ವಿಚ್‌ಮನ್, ಡಿಲಾಂಗ್, 1990ರಲ್ಲಿ, ಎಂಪಿಟಿಪಿ ಕೊಟ್ಟ ಬೆರಳೆಣಿಕೆಯಷ್ಟು ಮಂಗಗಳಲ್ಲಿ. ಮೂಕಪ್ರಾಣಿಯವರೇ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಆ ಮಂಗಗಳ ನೆನಪು ನನಗೂ ಬರುತ್ತದೆ. ನನಗಾಗಿ ಅವು ಒಪ್ಪಿಕೊಂಡು ಮಾಡಿದ್ದಲ್ಲ. ಆದರೂ ಲೋಟ ಹಿಡಿಯುತ್ತೇನೆ.

ಪ್ರಶ್ನೆಚಿಹ್ನೆ:
ನಿಧಾನಿ ಸರ್, ನಿಮ್ಮ ಮಾತಿಗೆ ಗೌರವ ಇದೆ. ಆದರೂ ಒಂದು ತಿದ್ದುಪಡಿ. ಕರೆಂಟ್ ಕೊಟ್ಟರೆ ನಡುಕ ನಿಲ್ಲುತ್ತದೆ ಅಂತ ಗ್ರೆನೋಬಲ್‌ನ ಬೆನಬಿಡ್‌ಗೆ ಗೊತ್ತಾದದ್ದು 1987ರಲ್ಲಿ, ಮನುಷ್ಯರ ಆಪರೇಷನ್ ಮೇಜಿನ ಮೇಲೆ. ಮಂಗಕ್ಕಿಂತ ಮೊದಲು.

ನಿಧಾನಿ:
ಹೌದು. ಆದರೆ ಅದು ಥಲಾಮಸ್, ಮಿದುಳಿನ ಬೇರೆ ಜಾಗ. ಅಲ್ಲಿ ಕೊಟ್ಟರೆ ನಡುಕ ಮಾತ್ರ ನಿಲ್ಲುತ್ತದೆ, ಬಿಗಿತ ಹೋಗುವುದಿಲ್ಲ, ನಿಧಾನ ಹೋಗುವುದಿಲ್ಲ. ಮಂಗದ ಪ್ರಯೋಗ ಬಂದ ಮೇಲೆ ಅದೇ ಬೆನಬಿಡ್ 1993ರಲ್ಲಿ ತಂತಿಯನ್ನು ನನ್ನ ಜಾಗಕ್ಕೆ ಇಳಿಸಿದರು. ಬೆನಬಿಡ್ ಮತ್ತು ಡಿಲಾಂಗ್ ಇಬ್ಬರಿಗೂ ಸೇರಿಸಿಯೇ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಕೊಟ್ಟರು. ಇಬ್ಬರೂ ಬೇಕಾಯಿತು.

ಪ್ರಶ್ನೆಚಿಹ್ನೆ:
ಸರಿ, ಇದರಲ್ಲಿ ನಾನು ಸೋತೆ.

ಚುಟುಕು:
ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಈ ಮನುಷ್ಯ ಸೋತೆ ಅಂದದ್ದು ಇದೇ ಮೊದಲು.

ನೊಣರಾಜ:
ಇಲಿ ಮಂಗದ ಜಗಳದಲ್ಲಿ ನಮ್ಮ ನೊಣವನ್ನು ಮರೆತೇಬಿಟ್ಟಿರಿ.

ನಮ್ಮ ಪರೀಕ್ಷೆ ಎಷ್ಟು ಸುಲಭ ಗೊತ್ತಾ? ಗಾಜಿನ ಕೊಳವೆಯಲ್ಲಿ ಇಪ್ಪತ್ತು ಹಣ್ಣುನೊಣ. ಕೊಳವೆಯನ್ನು ಮೇಜಿಗೆ ಟಪ್ ಟಪ್ ಅಂತ ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ. ನೊಣದ ಸ್ವಭಾವ ಮೇಲೆ ಹತ್ತುವುದು. ಹತ್ತು ಸೆಕೆಂಡಿನಲ್ಲಿ ಗೆರೆ ದಾಟಿದವು ಎಷ್ಟು ಅಂತ ಎಣಿಸಬೇಕು. ಪಾರ್ಕಿನ್ಸನ್ ಬಂದ ಮಿದುಳಿನಲ್ಲಿ ಗಂಟುಗಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಅನ್ನುವ ಪ್ರೋಟೀನಿನ ಮನುಷ್ಯನ ಜೀನ್ ಹಾಕಿದ ನೊಣ ಹರೆಯದಲ್ಲಿ ಚೆನ್ನಾಗಿ ಹತ್ತುತ್ತದೆ, ವಯಸ್ಸಾದ ಹಾಗೆ ಅರ್ಧಕ್ಕೇ ಜಾರುತ್ತದೆ. ಇದನ್ನು ಮೊದಲು ಮಾಡಿದ್ದು 2000ದಲ್ಲಿ. ನೊಣಕ್ಕೆ ಹುಟ್ಟಿನಿಂದ ಆ ಪ್ರೋಟೀನೇ ಇಲ್ಲ, ಹಾಗಾಗಿ ಕಂಡದ್ದೆಲ್ಲ ನಾವು ಹಾಕಿದ್ದರಿಂದಲೇ.

ನಮ್ಮ ದೊಡ್ಡ ಗೆಲುವು ಪಿಂಕ್1 ಮತ್ತು ಪಾರ್ಕಿನ್. ಎರಡೂ ಚಿಕ್ಕ ವಯಸ್ಸಿಗೆ ಬರುವ ಪಾರ್ಕಿನ್ಸನ್‌ನ ಜೀನ್‌ಗಳು. ಯಾವುದನ್ನು ತೆಗೆದರೂ ನೊಣದ ರೆಕ್ಕೆಯ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಊದಿ ಹಾಳಾಗುತ್ತದೆ, ಗಂಡು ನೊಣಕ್ಕೆ ಸಂತಾನ ಆಗುವುದಿಲ್ಲ. ಪಿಂಕ್1 ಇಲ್ಲದ ನೊಣಕ್ಕೆ ಪಾರ್ಕಿನ್ ಜಾಸ್ತಿ ಕೊಟ್ಟರೆ ಸರಿಹೋಗುತ್ತದೆ, ಉಲ್ಟಾ ಮಾಡಿದರೆ ಹೋಗುವುದಿಲ್ಲ. ಅಂದರೆ ಪಿಂಕ್1 ಯಜಮಾನ, ಪಾರ್ಕಿನ್ ಕೆಲಸದಾಳು. ಕೆಟ್ಟ ಮೈಟೊಕಾಂಡ್ರಿಯವನ್ನು ಗುಡಿಸಿ ಹಾಕುವ ದಾರಿ ಇದು. 2006ರಲ್ಲಿ ನೊಣ ಹೇಳಿದ್ದು. ಅದೇ ಪಾರ್ಕಿನ್ ತೆಗೆದ ಸುಂಡಿಲಿ ಏನು ಮಾಡಿತು ಗೊತ್ತಾ? ಹೆಚ್ಚುಕಡಿಮೆ ಏನೂ ಆಗದ ಹಾಗೆ ಓಡಾಡಿಕೊಂಡಿತ್ತು.

ಸುಮ್ನೆಬಂದೆ:
ಹಾಗಾದರೆ ಮನುಷ್ಯನಿಗೆ ಹತ್ತಿರ ಇರುವುದು ಸುಂಡಿಲಿಯಾ ನೊಣವಾ?

ನೊಣರಾಜ:
ಪ್ರಶ್ನೆ ಯಾವುದು ಅನ್ನುವುದರ ಮೇಲೆ. ಹುಳದವರನ್ನು ಕೇಳಿದರೆ ಇನ್ನೂ ಮಜಾ. ಸಿ. ಎಲೆಗನ್ಸ್ ಅನ್ನುವ ಒಂದು ಮಿಲಿಮೀಟರ್ ಹುಳಕ್ಕೆ ಒಟ್ಟು 302 ನರಕೋಶ, ಅದರಲ್ಲಿ ಡೋಪಮೈನ್‌ದು ಎಂಟೇ ಎಂಟು. ಮೈ ಗಾಜಿನ ಹಾಗೆ. ಎಂಟಕ್ಕೂ ಹಸಿರು ಬಣ್ಣ ಬರುವಂತೆ ಮಾಡಿ ಇಟ್ಟರೆ ಯಾವುದು ಸತ್ತಿತು ಅಂತ ಜೀವಂತ ಹುಳದಲ್ಲೇ ಎಣಿಸಬಹುದು.

ಬಿಳಿಕೋಟು:
ಇನ್ನೊಂದು ವಿಚಿತ್ರ. ಆಲ್ಫಾ-ಸಿನ್ಯೂಕ್ಲಿನ್‌ನ 53ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಕೆಲವು ಕುಟುಂಬಗಳಲ್ಲಿ ಪಾರ್ಕಿನ್ಸನ್ ಬರುತ್ತದೆ. 1997ರಲ್ಲಿ ಸಿಕ್ಕಿದ್ದು. ಸುಂಡಿಲಿಗೆ ಆ ಜಾಗದಲ್ಲಿ ಹುಟ್ಟಿನಿಂದಲೇ ಇರುವುದು ಆ "ಕೆಟ್ಟ" ಅಮೈನೋ ಆಮ್ಲವೇ! ಅದಕ್ಕೇನೂ ಆಗಿಲ್ಲ.

ಅಂಕಿಸಂಖ್ಯೆ:
ಕತೆ ಸಾಕು. ನಿದ್ದೆಗೇಡಿಯವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಇಲ್ಲಿಯವರೆಗೆ ಪ್ರಾಣಿಯಿಂದ ಮನುಷ್ಯನಿಗೆ ದಾಟಿದ್ದು ಲಕ್ಷಣ ಇಳಿಸುವ ಚಿಕಿತ್ಸೆ. ಕಾಯಿಲೆಯ ಓಟವನ್ನೇ ನಿಧಾನ ಮಾಡುತ್ತದೆ ಅಂತ ಸಾಬೀತಾದ ಮದ್ದು ಇಲ್ಲಿಯವರೆಗೆ ಒಂದೂ ಇಲ್ಲ. ಇಸ್ರಾಡಿಪಿನ್ ನೋಡಿ. ಬಿಪಿಗೆ ಕೊಡುವ ಮದ್ದು, ಸುಂಡಿಲಿಯ ಕೋಶಗಳನ್ನು ಉಳಿಸಿತು ಅಂತ 2007ರಲ್ಲಿ ಬಂತು. 336 ರೋಗಿಗಳಿಗೆ ಮೂರು ವರ್ಷ ಕೊಟ್ಟರು. 2020ರಲ್ಲಿ ಫಲಿತಾಂಶ: ಮದ್ದೇ ಇಲ್ಲದ ಹುಸಿ ಮಾತ್ರೆಗೂ, ಅಂದರೆ ಸಕ್ಕರೆ ಗುಳಿಗೆಗೂ, ಇದಕ್ಕೂ ವ್ಯತ್ಯಾಸ ಇಲ್ಲ. ಎಕ್ಸೆನಟೈಡ್, ಸಕ್ಕರೆ ಕಾಯಿಲೆಯ ಇಂಜೆಕ್ಷನ್. ಪ್ರಾಣಿಯಲ್ಲಿ ಸೈ, 2017ರಲ್ಲಿ 62 ರೋಗಿಗಳಲ್ಲೂ ಸೈ. ದೊಡ್ಡದಾಗಿ 194 ಜನರಲ್ಲಿ 96 ವಾರ ನೋಡಿದರು, 2025ರಲ್ಲಿ ಅದೂ ಬಿತ್ತು.

ಯಾಕೆ ಹೀಗೆ? ನನಗೆ ಕಾಣುವ ದೊಡ್ಡ ಕಾರಣ ಸಮಯ. ಎಷ್ಟೋ ಪ್ರಯೋಗಗಳಲ್ಲಿ ಮದ್ದನ್ನು ವಿಷಕ್ಕಿಂತ ಮೊದಲೇ ಅಥವಾ ಜೊತೆಗೇ ಕೊಟ್ಟಿರುತ್ತಾರೆ. ಕಳ್ಳ ಬರುವ ಹೊತ್ತಿಗೆ ಬಾಗಿಲಲ್ಲಿ ಪೊಲೀಸ್. ರೋಗಿ ಡಾಕ್ಟರ ಹತ್ತಿರ ಬರುವಾಗ ಅರ್ಧ ಮನೆ ಖಾಲಿಯಾಗಿರುತ್ತದೆ. ಜೊತೆಗೆ, ಮುದಿ ವಯಸ್ಸಿನ ಕಾಯಿಲೆಗೆ ಹರೆಯದ ಗಂಡು ಸುಂಡಿಲಿ.

ಬಿಳಿಕೋಟು:
ಅದಕ್ಕೆ ಸರಿಯಾದ ಉದಾಹರಣೆ ಸೆಲೆಜಿಲಿನ್. ಮೇಲೆ ಎಂಎಓ-ಬಿ ಕಿಣ್ವ ಹೇಳಿದೆನಲ್ಲ, ಅದನ್ನು ತಡೆಯುವ ಮದ್ದು. ಮಂಗಕ್ಕೆ ಮೊದಲೇ ಕೊಟ್ಟರೆ ಎಂಪಿಟಿಪಿ ಏನೂ ಮಾಡುವುದಿಲ್ಲ. ಹಾಗಾದರೆ ಪಾರ್ಕಿನ್ಸನ್ನನ್ನೂ ತಡೆಯುತ್ತದೆ ಅಂತ 1987ರಲ್ಲಿ 800 ರೋಗಿಗಳ ಪ್ರಯೋಗ ಶುರುವಾಯಿತು. ಲೆವೊಡೋಪಾ ಬೇಕಾಗುವ ದಿನ ಮುಂದೆ ಹೋಯಿತು ನಿಜ. ಆದರೆ ಅದು ಕೋಶ ಉಳಿದದ್ದರಿಂದಲ್ಲ, ಮದ್ದು ಲಕ್ಷಣವನ್ನು ಸ್ವಲ್ಪ ಇಳಿಸುತ್ತಿದ್ದದ್ದರಿಂದ ಅಂತ ಆಮೇಲೆ ಅರ್ಥವಾಯಿತು. ನಾವೇ ಹಾಕಿದ ವಿಷಕ್ಕೆ ನಾವೇ ಕೊಟ್ಟ ಪ್ರತಿವಿಷ ಅಷ್ಟೇ. ರೋಗಿಗೆ ಆ ವಿಷ ಯಾರೂ ಹಾಕಿರಲಿಲ್ಲ.

ಮೂಕಪ್ರಾಣಿ:
ಇಷ್ಟು ಜೀವ ಹೋಗಿ ಸಕ್ಕರೆ ಗುಳಿಗೆ!

ಅಂಕಿಸಂಖ್ಯೆ:
ಸಕ್ಕರೆ ಗುಳಿಗೆಯನ್ನು ಹಗುರವಾಗಿ ನೋಡಬೇಡಿ. ಈ ಕಾಯಿಲೆಯಲ್ಲಿ ಅದರ ಶಕ್ತಿ ಜಾಸ್ತಿ. 2001ರಲ್ಲಿ ವ್ಯಾಂಕೂವರ್‌ನಲ್ಲಿ ರೋಗಿಗಳಿಗೆ ಬರೀ ಉಪ್ಪುನೀರು ಚುಚ್ಚಿ ಸ್ಕ್ಯಾನ್ ಮಾಡಿದರು. ಮದ್ದು ಬಂತು ಅನ್ನುವ ನಂಬಿಕೆಗೇ ಮಿದುಳು ನಿಜವಾದ ಡೋಪಮೈನ್ ಬಿಟ್ಟಿತ್ತು. ಇಲಿಗೆ ಅಂಥ ಆಸೆ ಹುಟ್ಟಿಸುವುದು ಹೇಗೆ?

ಇದೇ ಗೊಂದಲ ನರಕೋಶಗಳನ್ನು ಪೋಷಿಸುವ ಜಿಡಿಎನ್ಎಫ್ ಪ್ರೋಟೀನ್ ವಿಷಯದಲ್ಲೂ ಆಯಿತು. ಮಂಗಗಳು ಚೆನ್ನಾಗಿ ಸುಧಾರಿಸಿದವು. ಮಿದುಳಿಗೆ ಕೊಳವೆ ಹಾಕಿ ಕೆಲವು ರೋಗಿಗಳಿಗೆ ಕೊಟ್ಟರೆ ಅವರೂ ಸುಧಾರಿಸಿದರು. ಯಾರಿಗೆ ಮದ್ದು, ಯಾರಿಗೆ ಬರೀ ನೀರು ಅಂತ ಗೊತ್ತಿಲ್ಲದ ಹಾಗೆ 34 ಜನರಲ್ಲಿ ನೋಡಿದಾಗ ವ್ಯತ್ಯಾಸ ಸಿಗಲಿಲ್ಲ. ಅಷ್ಟರಲ್ಲಿ ಜಾಸ್ತಿ ಡೋಸ್ ಕೊಟ್ಟ ಕೆಲವು ಮಂಗಗಳ ಕಿರುಮಿದುಳಿಗೆ ಪೆಟ್ಟಾಗಿದ್ದು ಕಂಡಿತು. 2004ರಲ್ಲಿ ಕಂಪನಿ ಮದ್ದನ್ನೇ ನಿಲ್ಲಿಸಿತು. ನಮಗೆ ಗುಣ ಕಾಣುತ್ತಿದೆ, ಕೊಡಿ ಅಂತ ರೋಗಿಗಳು ಕೋರ್ಟಿಗೆ ಹೋದರು. ಮಂಗ ಆಸೆ ಹುಟ್ಟಿಸಿತು, ಮಂಗವೇ ಬ್ರೇಕ್ ಹಾಕಿತು.

ನಿದ್ದೆಗೇಡಿ:
ಓದುತ್ತಿದ್ದೇನೆ, ನಿಲ್ಲಿಸಬೇಡಿ. ಇನ್ನೊಂದು ಕೇಳಲಾ? ಅಪ್ಪನಿಗೆ ಕೈ ನಡುಕ ಬರುವ ಹತ್ತು ವರ್ಷ ಮೊದಲಿನಿಂದ ಮಲಬದ್ಧತೆ. ವಾಸನೆ ಗೊತ್ತಾಗುತ್ತಿರಲಿಲ್ಲ. ನಿದ್ದೆಯಲ್ಲಿ ಕಾಲು ಝಾಡಿಸಿ ಅಮ್ಮನಿಗೆ ಒದ್ದದ್ದೂ ಇದೆ. ಇದು ಹೊಟ್ಟೆಯಿಂದ ಶುರುವಾಗುವ ಕಾಯಿಲೆ ಅಂತ ಯಾರೋ ಹೇಳಿದರು. ನಿಜವಾ?

ಬಿಳಿಕೋಟು:
ಕೆಲವರಲ್ಲಿ ಹಾಗಿರಬಹುದು ಅನ್ನುವ ವಾದ ಇದೆ. ಜರ್ಮನಿಯ ಬ್ರಾಕ್ 2003ರಲ್ಲಿ ಹೇಳಿದ್ದು. ಈ ಪ್ರಶ್ನೆಗೆ ವಿಷ ಹಾಕಿದ ಇಲಿ ಕೆಲಸಕ್ಕೆ ಬರುವುದಿಲ್ಲ, ಬೇರೆ ಮಾಡೆಲ್ ಬೇಕು. ಆಲ್ಫಾ-ಸಿನ್ಯೂಕ್ಲಿನ್ ಗಂಟುಗಟ್ಟಿದಾಗ ಸಣ್ಣ ಎಳೆಗಳಾಗುತ್ತದೆ. ಆ ಎಳೆಗಳನ್ನು ಮಾಮೂಲಿ ಸುಂಡಿಲಿಯ ಮಿದುಳಿಗೆ ಸ್ವಲ್ಪ ಹಾಕಿದರೆ ಸಾಕು, ಅದರದ್ದೇ ಒಳ್ಳೆಯ ಪ್ರೋಟೀನೂ ಗಂಟಾಗುತ್ತಾ ಹರಡಿ, ತಿಂಗಳುಗಳಲ್ಲಿ ಡೋಪಮೈನ್ ಕೋಶ ಸಾಯುತ್ತವೆ. 2012ರ ಕೆಲಸ. ಹಾಲಿಗೆ ಹೆಪ್ಪು ಹಾಕಿದ ಹಾಗೆ. 2019ರಲ್ಲಿ ಇದೇ ಹೆಪ್ಪನ್ನು ಸುಂಡಿಲಿಯ ಹೊಟ್ಟೆ ಮತ್ತು ಕರುಳಿನ ಗೋಡೆಗೆ ಹಾಕಿದರು, ಮಿದುಳಿಗೆ ಹತ್ತಿತು. ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರ ಕತ್ತರಿಸಿದರೆ ಹತ್ತಲಿಲ್ಲ.

ಮನುಷ್ಯರಲ್ಲೂ ಒಂದು ಸುಳಿವು ಸಿಕ್ಕಿತ್ತು. ಭ್ರೂಣದ ಕೋಶ ಕಸಿ ಮಾಡಿಸಿಕೊಂಡವರು ಹತ್ತಕ್ಕೂ ಹೆಚ್ಚು ವರ್ಷದ ಮೇಲೆ ತೀರಿಕೊಂಡಾಗ ನೋಡಿದರೆ, ಆ ಎಳೆಯ ಕೋಶಗಳೊಳಗೂ ಲೂಯಿ ಗಂಟು, ಅಂದರೆ ಇದೇ ಪ್ರೋಟೀನಿನ ಗಂಟು, ಬಂದಿತ್ತು. 2008ರಲ್ಲಿ ವರದಿಯಾಯಿತು.

ಹಳೇಪುಟ:
ವಾಸನೆ ಅಂದಿರಲ್ಲ, ಸ್ವಲ್ಪ ದಾರಿ ತಪ್ಪುತ್ತೇನೆ. ಸ್ಕಾಟ್ಲೆಂಡ್‌ನ ಜಾಯ್ ಮಿಲ್ನ್ ಅನ್ನುವ ನರ್ಸ್ ಪಾರ್ಕಿನ್ಸನ್ನನ್ನು ಮೂಗಿನಿಂದಲೇ ಹೇಳುತ್ತಾರೆ. 12 ಟೀ ಶರ್ಟ್ ಮೂಸಲು ಕೊಟ್ಟರು, ಆರು ರೋಗಿಗಳದ್ದು, ಆರು ಆರೋಗ್ಯವಂತರದ್ದು. ಇವರು ಏಳಕ್ಕೆ ಪಾರ್ಕಿನ್ಸನ್ ಅಂದರು. ಒಂದು ತಪ್ಪಾಯಿತು ಅಂದುಕೊಂಡರು. ಕೆಲವು ತಿಂಗಳಲ್ಲಿ ಆ ಏಳನೆಯವರಿಗೂ ಕಾಯಿಲೆ ಇದೆ ಅಂತ ಗೊತ್ತಾಯಿತು!

ಮೂಕಪ್ರಾಣಿ:
ನಾಯಿಗಳಿಗೂ ಕಲಿಸಿದ್ದಾರೆ. ಚರ್ಮದ ಜಿಡ್ಡು ಮೂಸಿ ಹೇಳುತ್ತವೆ. ವಿಷ ಚುಚ್ಚದೆ, ಬಾಲ ಅಲ್ಲಾಡಿಸಿಕೊಂಡು ಮಾಡುವ ಸಂಶೋಧನೆ. ಇದಕ್ಕೆ ನನ್ನ ಪೂರ್ತಿ ಬೆಂಬಲ.

ಕಾವಲುಗಾರ (ನಿರ್ವಾಹಕ):
ಪವಾಡದ ಪುಡಿ ಮಾರುತ್ತಿದ್ದವರ ಮೂರು ಪೋಸ್ಟ್ ತೆಗೆದಿದ್ದೇನೆ. ನಾಯಿ ಚೆನ್ನಾಗಿದೆ, ಆದರೂ ವಿಷಯಕ್ಕೆ ಬನ್ನಿ.

ಸಂಜೆಗೆಂಪು:
ಪುಡಿ ಮಾರುವವರು ವಾಸಿ. ನಮ್ಮ ಅತ್ತೆಗೆ ಒಂದು ಕಡೆ ಕಾಂಡಕೋಶ ಚುಚ್ಚುತ್ತೇವೆ ಅಂತ ದೊಡ್ಡ ಮೊತ್ತ ತೆಗೆದುಕೊಂಡರು. ಗೋಡೆಯ ತುಂಬಾ ಇಲಿ ಪ್ರಯೋಗದ ಬಣ್ಣದ ಚಿತ್ರ. ಚುಚ್ಚಿದ್ದು ಸೊಂಟಕ್ಕೆ. ಮಿದುಳಿಗೆ ಹೇಗೆ ಹೋಗುತ್ತದೆ ಅಂತ ಕೇಳಿದರೆ "ಅದಕ್ಕೆ ದಾರಿ ಗೊತ್ತಿರುತ್ತದೆ ಮೇಡಂ" ಅಂದರು. ಒಂದು ತಿಂಗಳು ಅತ್ತೆ ಚೆನ್ನಾಗಿಯೇ ಇದ್ದರು. ಸಕ್ಕರೆ ಗುಳಿಗೆಯ ವಿಷಯ ಈಗ ಓದಿ ಗೊತ್ತಾಯಿತು ಯಾಕೆ ಅಂತ.

ಬಿಳಿಕೋಟು:
@ಸಂಜೆಗೆಂಪು ಬೇಜಾರಾಯಿತು. ನಿಜವಾದ ದಾರಿ ಎಷ್ಟು ಉದ್ದ ಅಂತ ಕ್ಯೋಟೋದವರನ್ನು ನೋಡಿದರೆ ಗೊತ್ತಾಗುತ್ತದೆ. ಐಪಿಎಸ್ ಕೋಶದಿಂದ (ಮಾಮೂಲಿ ಕೋಶವನ್ನು ಹಿಂದಕ್ಕೆ ತಿರುಗಿಸಿ ಮಾಡಿದ ಕಾಂಡಕೋಶ) ಮಾಡಿದ ಡೋಪಮೈನ್ ಕೋಶಗಳನ್ನು ಮಂಗಗಳ ಮಿದುಳಿಗೆ ಹಾಕಿ, ಗಡ್ಡೆ ಬೆಳೆಯುತ್ತದೆಯೇ ಅಂತ ಎರಡು ವರ್ಷದವರೆಗೂ ಕಾದು ನೋಡಿ 2017ರಲ್ಲಿ ಬರೆದರು. ಆಮೇಲೆ ಏಳು ರೋಗಿಗಳು. 2025ರಲ್ಲಿ ಫಲಿತಾಂಶ ಬಂತು: ಗಂಭೀರ ತೊಂದರೆ ಇಲ್ಲ, ಚಲನೆ ಅಳೆದ ಆರು ಜನರಲ್ಲಿ ನಾಲ್ವರಿಗೆ ಮದ್ದು ಇಲ್ಲದ ಹೊತ್ತಿನ ಚಲನೆ ಸುಧಾರಿಸಿದೆ. ಸಕ್ಕರೆ ಗುಳಿಗೆಯ ಗುಂಪು ಇರಲಿಲ್ಲ, ಹಾಗಾಗಿ ಅವರೂ ಗುಣವಾಯಿತು ಅಂತ ಕೂಗುತ್ತಿಲ್ಲ.

ಪ್ರಶ್ನೆಚಿಹ್ನೆ:
ಮನುಷ್ಯನ ಕೋಶದಿಂದಲೇ ತಟ್ಟೆಯಲ್ಲಿ ಪುಟ್ಟ ಮಿದುಳಿನ ತುಂಡು ಬೆಳೆಸುತ್ತಾರಲ್ಲ, ಆರ್ಗನಾಯ್ಡ್? ಅದಿರುವಾಗ ಇಲಿ ಯಾಕೆ?

ಬಿಳಿಕೋಟು:
ಒಳ್ಳೆಯದೇ. ಇಲಿಯ ಮಿದುಳಿನಲ್ಲಿ ಇಲ್ಲದ ಕಪ್ಪು ಬಣ್ಣ, ನ್ಯೂರೋಮೆಲನಿನ್, ಆ ತುಂಡಿನಲ್ಲಿ ಬರುತ್ತದೆ. ಆದರೆ ಆ ತುಂಡಿಗೆ ಕಾಲಿಲ್ಲ. ಹೊಸ್ತಿಲಲ್ಲಿ ನಿಲ್ಲುವುದಿಲ್ಲ.

ನಿದ್ದೆಗೇಡಿ:
ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ನೀರಿನ ಲೋಟದ ಭಾಗವನ್ನು ಎರಡು ಸಲ ಓದಿಸಿಕೊಂಡರು. ಡಿಬಿಎಸ್ ಬಗ್ಗೆ ಮುಂದಿನ ಸಲ ಡಾಕ್ಟರನ್ನು ಕೇಳೋಣ ಅಂದರು. ಆಮೇಲೆ ಒಂದು ಪ್ರಶ್ನೆ, ಬಿಳಿಕೋಟು ಅವರಿಗೆ. "ಆ ಬಟ್ಟಲಿನಲ್ಲಿ ಸುತ್ತುತ್ತಿದ್ದ ಇಲಿಗೆ ಆಮೇಲೆ ಏನಾಯಿತು ಕೇಳು."

ಬಿಳಿಕೋಟು:
ಸುಳ್ಳು ಹೇಳಲ್ಲ. ಎಷ್ಟು ಕೋಶ ಉಳಿದಿವೆ ಅಂತ ಎಣಿಸಬೇಕಿತ್ತು. ಅರಿವಳಿಕೆ ಕೊಟ್ಟು, ಎಚ್ಚರವಾಗದ ಹಾಗೆ ಸಾಯಿಸಿ, ಮಿದುಳನ್ನು ಕೂದಲಿನಷ್ಟು ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿ ಎಣಿಸಿದೆವು.

ನಿದ್ದೆಗೇಡಿ:
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸರಿಟ್ಟಿದ್ದರಾ?" ಅಂತ ಕೇಳುತ್ತಿದ್ದಾರೆ.

ಬಿಳಿಕೋಟು:
ಇಡಬಾರದು ಅಂತ ಮೊದಲ ದಿನವೇ ಹೇಳಿದ್ದರು. ಬಾಲದ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕುತ್ತಿದ್ದೆವು, ಒಂದು ಗೆರೆ, ಎರಡು ಗೆರೆ, ಹೀಗೆ. ಮೂರು ಗೆರೆಯದು ಪಟ್ಟಿ ಕಟ್ಟುವಾಗಲೆಲ್ಲ ನನ್ನ ಕೈಗವಸಿನ ತುದಿ ಕಚ್ಚಿ ಎಳೆಯುತ್ತಿತ್ತು. ಅದನ್ನೂ ಹೇಳಿ ಅವರಿಗೆ.